ಜಿಡ್ಡು ಬಿಡಿಸುವ ಅಣು



ಎಣ್ಣೆ ಹತ್ತಿದ ಸ್ಟೀಲ್ ತಟ್ಟೆಯನ್ನು ಬರೀ ನೀರಲ್ಲಿ ಎಷ್ಟು ತೊಳೆದರೂ ಜಿಡ್ಡು ಬಿಡುವುದಿಲ್ಲ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತ ಸಡಿಲಿಸಿ ಎಣ್ಣೆಗೆ ನಡುವೆ ಜಾಗ ಕೊಡುವುದಿಲ್ಲ. ಈ ಹಿಡಿತದಿಂದಲೇ ಮೇಲ್ಮೈ ಸೆಳೆತ. ಅದನ್ನು ಅಳೆದ ಜರ್ಮನಿಯ ಆಗ್ನೆಸ್ ಪೊಕೆಲ್ಸ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಮನೆಗೆಲಸದ ನಡುವೆಯೇ ತಗಡಿನ ತೊಟ್ಟಿಯಲ್ಲಿ ನೀರು ತುಂಬಿ, ಜಿಡ್ಡು ಸೇರಿದಾಗ ಆ ಸೆಳೆತ ಎಷ್ಟು ಇಳಿಯುತ್ತದೆಂದು ಅಳೆದರು. ತಮಗೆ ಅವರು ಬರೆದ ಪತ್ರವನ್ನು ಭೌತವಿಜ್ಞಾನಿ ಲಾರ್ಡ್ ರೇಲಿ 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಆಕೆಯ ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇರಲೇಬೇಕು.

ಇನ್ನು ಸೋಪು. ಅದರ ಅಣುವಿನ ಬಾಲ ಕೊಬ್ಬಿನಿಂದ ಬಂದ ಕಾರ್ಬನ್ ಸರಪಳಿ; ಎಣ್ಣೆಯಲ್ಲಿ ಸಲೀಸಾಗಿ ಬೆರೆಯುತ್ತದೆ. ತಲೆಗೆ ಋಣ ವಿದ್ಯುದಂಶ. ಅದಕ್ಕೆ ನೀರೇ ಬೇಕು. ಜಿಡ್ಡಿನ ತಟ್ಟೆಗೆ ಬೆಚ್ಚನೆಯ ಸೋಪಿನ ನೀರು ಹಾಕಿ, ಉಜ್ಜದೆ ಸ್ವಲ್ಪ ಹೊತ್ತು ನೋಡಿ. ಹರಡಿಕೊಂಡಿದ್ದ ಎಣ್ಣೆಯ ಅಂಚು ಮೆಲ್ಲಗೆ ಒಳಸರಿದು, ಪದರ ಮಣಿಮಣಿಯಾಗುತ್ತದೆ. ಕೈಯಾಡಿಸಿದರೆ ಮಣಿ ಕಳಚುತ್ತದೆ. ಅದರ ಸುತ್ತ ಸೋಪಿನ ಅಣುಗಳು ಬಾಲವನ್ನು ಒಳಗೆ ನೆಟ್ಟು, ತಲೆಯನ್ನು ಹೊರಗಿಟ್ಟು ಕದಂಬದ ಹೂವಿನಂತೆ ನಿಂತಿರುತ್ತವೆ. ಎಲ್ಲ ತಲೆಗಳಲ್ಲೂ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಮಣಿಗಳು ಒಂದನ್ನೊಂದು ದೂಡುತ್ತವೆ, ಮತ್ತೆ ಒಟ್ಟುಗೂಡಿ ತಟ್ಟೆಗೆ ಅಂಟದೆ ನೀರಿನೊಂದಿಗೆ ಹರಿದುಹೋಗುತ್ತವೆ. ಅಂಟುವಾಳ, ಸೀಗೆಕಾಯಿಗಳಲ್ಲಿರುವ ಸಪೋನಿನ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಆದರೆ ಕೋಲಾರದ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಸೋಪು ಸೋಲುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ತಲೆಗೆ ಅಂಟಿಕೊಂಡು, ನೀರಲ್ಲಿ ಕರಗದ ಬಿಳಿ ಗಸಿಯಾಗುತ್ತವೆ. ಬಕೆಟ್ಟಿನ ಒಳಮೈಗೆ ಹತ್ತುವ ಜಿಗುಟು ಅದೇ. ಡಿಟರ್ಜೆಂಟಿನ ತಲೆ ಬೇರೆ ಜಾತಿಯದು, ಗಂಧಕ ಸೇರಿದ್ದು. ಗಡಸು ನೀರಲ್ಲೂ ಸುಲಭಕ್ಕೆ ಗಸಿಯಾಗುವುದಿಲ್ಲ.

ನೊರೆ ಹೆಚ್ಚಿದ್ದರೆ ಕೊಳೆ ಹೆಚ್ಚು ಹೋಗುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೆ ವಾಷಿಂಗ್ ಮೆಷಿನ್ನಿಗೆಂದೇ ತಯಾರಿಸುವ ಪುಡಿಯಲ್ಲಿ ಬೇಕೆಂದೇ ನೊರೆ ತಗ್ಗಿಸಿರುತ್ತಾರೆ, ಬಟ್ಟೆ ಚೆನ್ನಾಗಿಯೇ ಶುಭ್ರವಾಗುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಿಂದ ನೊರೆ ಉಕ್ಕಿ ರಸ್ತೆಗೆ ಬಂದದ್ದನ್ನು ನೀವೆಲ್ಲ ಕಂಡಿದ್ದೀರಿ. ಮನೆಮನೆಯ ಡಿಟರ್ಜೆಂಟು ಚರಂಡಿಯಲ್ಲಿ ಹರಿದು ಸೇರಿದ್ದು ಅದಕ್ಕೊಂದು ಕಾರಣ. ನೊರೆ ಸಾಲದೆಂದು ಇನ್ನೊಂದು ಹಿಡಿ ಪುಡಿ ಸುರಿಯಬೇಡಿ, ದಯವಿಟ್ಟು.