ಹೊಸ ಸೈಕಲ್ಲಿಗೆ ಬೇಕಾದ ಸಾಮಾನು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



2006-07ರಲ್ಲಿ ಸರ್ಕಾರ ಎಂಟನೇ ತರಗತಿಗೆ ಉಚಿತ ಸೈಕಲ್ ಯೋಜನೆ ತಂದಾಗ ಎಷ್ಟೋ ಹೆಣ್ಣುಮಕ್ಕಳಿಗೆ ಹೈಸ್ಕೂಲು ಹತ್ತಿರವಾಯಿತು. ಆದರೆ ಬರೀ ಸೈಕಲ್ ಇದ್ದರೆ ಸಾಲದು.

ಹಿಡಕಲ್ ಜಲಾಶಯದ ನೀರಿನಿಂದ ಕಬ್ಬು ಬೆಳೆಯುವ ನಾಡು ನಮ್ಮದು. ಹಂಗಾಮು ಬಂತೆಂದರೆ ಹುಕ್ಕೇರಿ, ಗೋಕಾಕ, ಮೂಡಲಗಿ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದ್ದೇ ಸಾಲು. ಚಳಿಗಾಲದಲ್ಲಿ ಹೊತ್ತೂ ಬೇಗ ಮುಳುಗುತ್ತದೆ. ಕಬ್ಬು ತುಂಬಿದ ಟ್ರೇಲರ್ ತಟ್ಟನೆ ನಿಲ್ಲುವುದಿಲ್ಲ. ಆದ್ದರಿಂದ ನಾವು ದೂರದಿಂದಲೇ ಕಾಣಬೇಕು. ಹಿಂದೆ ಕೆಂಪು ರಿಫ್ಲೆಕ್ಟರ್, ಮುಂದೆ ದೀಪ, ಕೈಗೆ ಗಂಟೆ, ಇವು ಮೊದಲು.

ಬ್ರೇಕು ದಿನಾಲೂ ನೋಡಬೇಕು. ಬ್ರೇಕು ಹಿಡಿದು ಸೈಕಲ್ ನೂಕಿದರೆ ಗಾಲಿ ಉರುಳಬಾರದು. ಹೆಲ್ಮೆಟ್ ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಬಿಟ್ಟು ಕೂರಬೇಕು, ಗದ್ದದ ಪಟ್ಟಿ ಬಿಗಿಯಾಗಿರಬೇಕು. ಪಾಟಿಚೀಲ ಹ್ಯಾಂಡಲ್ಲಿಗೆ ಜೋತುಬೀಳದೆ ಕ್ಯಾರಿಯರ್ ಮೇಲೆ ಕಟ್ಟಿರಲಿ. ದುಪಟ್ಟಾ ಗಾಲಿಗೆ ಸಿಗದಂತೆ ಗಂಟು ಹಾಕಿಕೊಳ್ಳಿ. ಬೀಗ, ಪಂಪು, ಪಂಕ್ಚರ್ ಸಾಮಾನು ಆಮೇಲೆ. ಅಲಂಕಾರ ಕಡೆಗೆ.

ಮಕ್ಕಳೇ, ಓಡುವ ಟ್ರೇಲರಿನಿಂದ ಕಬ್ಬು ಎಳೆಯಬೇಡಿ, ಅದನ್ನು ಹಿಡಿದು ಸೈಕಲ್ ಓಡಿಸಬೇಡಿ. ಒಂದು ಗಳ ಕಬ್ಬಿಗಿಂತ ನಿಮ್ಮ ಜೀವ ದೊಡ್ಡದು.

ಹಿರಿಯರಲ್ಲಿ ಎರಡು ಮಾತು. ಶಾಲೆಗೆ ಕಾಣಿಕೆ ಕೊಡುವವರು ಒಂದು ಗಾಳಿಪಂಪು, ಪಂಕ್ಚರ್ ಡಬ್ಬಿ, ಒಂದಿಷ್ಟು ರಿಫ್ಲೆಕ್ಟರುಗಳನ್ನೂ ಕೊಡಿ. ಟ್ರ್ಯಾಕ್ಟರ್ ಇದ್ದವರು ನಿಮ್ಮ ಟ್ರೇಲರಿನ ಹಿಂದೆಯೂ ಕೆಂಪು ರಿಫ್ಲೆಕ್ಟರ್ ಹಚ್ಚಿಸಿ. ಕತ್ತಲಲ್ಲಿ ನಿಂತ ಟ್ರೇಲರ್ ಸೈಕಲ್ ಮೇಲಿನ ಮಗುವಿಗೂ ಕಾಣಬೇಕಲ್ಲವೇ?