ಅರಣ್ಯ ಮಂತ್ರಿಯೂ ಕುಂಸಿಯ ಸಂತ್ರಸ್ತರೂ

(ಕುಂಸಿಯ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರೊಬ್ಬರು ಮಾಡಿದ ಉಪನ್ಯಾಸ)



ನನಗೆ ಕೊಟ್ಟ ವಿಷಯ ‘ಅಧಿಕಾರವೂ ಕಾಯಕವೂ’. ದೊಡ್ಡ ಮಾತು. ಸರ್ಕಾರದ ಎಂಜಿನಿಯರ್ ಆಗಿದ್ದವನಿಗೆ ಅಳತೆಯಿಲ್ಲದೆ ಮಾತಾಡಿ ಅಭ್ಯಾಸವಿಲ್ಲ. ಒಬ್ಬ ಮಂತ್ರಿ, ಒಂದು ಖಾತೆ, ನಮ್ಮದೇ ಸೀಮೆ, ಇಷ್ಟಕ್ಕೆ ನಿಲ್ಲುತ್ತೇನೆ.

ಮಂತ್ರಿ ಈಶ್ವರ ಖಂಡ್ರೆ. ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಕನ್ನಡ ಕಲಿಸಿದ ಭಾಲ್ಕಿಯವರು. ತಂದೆ ಭೀಮಣ್ಣ ಖಂಡ್ರೆ ಹೈದರಾಬಾದ್ ವಿಮೋಚನೆಯ ಹೋರಾಟಗಾರರು, ಮಂತ್ರಿಯಾಗಿದ್ದವರು, ವೀರಶೈವ ಮಹಾಸಭೆಯ ಅಧ್ಯಕ್ಷರಾಗಿದ್ದವರು. ಮಗ ಎಂಜಿನಿಯರಿಂಗ್ ಓದಿ 2008ರಿಂದ ನಾಲ್ಕು ಸಲ ಭಾಲ್ಕಿಯಿಂದ ಗೆದ್ದರು. 2016ರಲ್ಲಿ ಪೌರಾಡಳಿತ, 2023ರ ಮೇ ತಿಂಗಳಲ್ಲಿ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಖಾತೆ. 2024ರಲ್ಲಿ ಅವರ ಮಗ ಲೋಕಸಭೆಗೆ ಹೋದರು. ಮೂರು ತಲೆಮಾರಾಯಿತು. ನಮ್ಮವರು ಎಂದು ಬೀಗುವುದು ಸುಲಭ. ಆದರೆ ಬಸವಣ್ಣನವರ ಹೆಸರು ಹೇಳುವವರು ಹುಟ್ಟು ನೋಡಬಾರದು, ಕೆಲಸ ನೋಡಬೇಕು. ಧರ್ಮದ ಮಾನ್ಯತೆಯ ವಿಷಯದಲ್ಲಿ ಮಹಾಸಭೆಯ ನಿಲುವನ್ನು ನಾನು ಒಪ್ಪಿದವನಲ್ಲ. ಅದು ಇವತ್ತಿನ ಮಾತಲ್ಲ, ಬಿಡಿ.

ಈ ಖಾತೆಯ ಭಾರ ತಿಳಿಯಲು ಬೆಂಗಳೂರಿಗೆ ಹೋಗಬೇಕಿಲ್ಲ. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿದ್ದು ಕಲ್ಲಿದ್ದಲಿನಿಂದಲ್ಲ, ನಮ್ಮ ಕಾಡಿನ ಮರ ಸುಟ್ಟ ಇದ್ದಿಲಿನಿಂದ. ಮ್ಯಾಂಗನೀಸಿಗಾಗಿ ಕುಂಸಿಯ ಗುಡ್ಡ ಅಗೆದರು. ಆಮೇಲೆ ಕಾಗದದ ಕಾರ್ಖಾನೆಗೆಂದು ಕಾಡಿನ ಜಾಗದಲ್ಲಿ ಅಕೇಶಿಯಾ, ನೀಲಗಿರಿ ಬಂದವು. 1964ರಲ್ಲಿ ಲಿಂಗನಮಕ್ಕಿ ತುಂಬಿತು, 151 ಟಿಎಂಸಿ. ನಾಡಿಗೆ ಬೆಳಕಾಯಿತು, ಶರಾವತಿ ಕಣಿವೆಯವರಿಗೆ ಊರು ಹೋಯಿತು. ಅವರಲ್ಲಿ ಎಷ್ಟೋ ಜನರನ್ನು ಸರ್ಕಾರವೇ ಲಾರಿಯಲ್ಲಿ ತಂದು ಈ ಸುತ್ತಿನ ಕಾಡಂಚಿನಲ್ಲಿ ಇಳಿಸಿತು. ಕೊಟ್ಟ ಜಾಗ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. 1974ರಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯವಾಯಿತು, 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂತು. ಕೇಂದ್ರದ ಒಪ್ಪಿಗೆಯಿಲ್ಲದೆ ಮಾಡಿದ ಡಿನೋಟಿಫಿಕೇಶನ್‌ಗಳು 2021ರಲ್ಲಿ ಹೈಕೋರ್ಟಿನಲ್ಲಿ ರದ್ದಾದವು. 2006ರ ಅರಣ್ಯ ಹಕ್ಕು ಕಾಯಿದೆ ಬುಡಕಟ್ಟಿನವರಲ್ಲದವರಿಗೆ 75 ವರ್ಷದ ವಾಸ ಕೇಳುತ್ತದೆ. 1960ರ ಹೊತ್ತಿಗೆ ತಂದು ಬಿಟ್ಟವರು ಅದನ್ನು ಎಲ್ಲಿಂದ ತರಬೇಕು? ಅರವತ್ತು ವರ್ಷ ಉತ್ತವನು ಈಗ ಒತ್ತುವರಿದಾರ.

ಇಂಥ ಗೋಜಲು ಖಂಡ್ರೆಯವರ ಕೈಗೆ ಬಂತು. ಅವರು ತಂದಿಟ್ಟದ್ದಲ್ಲ, ನ್ಯಾಯವಾಗಿ ಹೇಳಬೇಕು. 2023ರಲ್ಲಿ ಐದು ಕೋಟಿ ಸಸಿ ನೆಡುವ ಗುರಿ ಇಟ್ಟರು. ಪಿಒಪಿ ಗಣಪತಿಯ ವಿರುದ್ಧ ಗಟ್ಟಿಯಾಗಿ ನಿಂತರು. ಬೆಂಗಳೂರಿನ ಎಚ್‌ಎಂಟಿ ವಶದಲ್ಲಿದ್ದ ಅರಣ್ಯ ಭೂಮಿಗೆ ಕೈ ಹಾಕಿದರು. ದೊಡ್ಡವರನ್ನು ಮುಟ್ಟಿದ್ದರಿಂದ ಆ ಕೆಲಸ ನನಗೆ ಮೆಚ್ಚುಗೆ. 2024ರ ಜುಲೈಯಲ್ಲಿ ವಯನಾಡು ಕುಸಿದ ಮೇಲೆ ಪಶ್ಚಿಮ ಘಟ್ಟದ ಒತ್ತುವರಿ ತೆರವಿಗೆ ಕಾರ್ಯಪಡೆ ಮಾಡಿದರು. ಮಲೆನಾಡು ನಡುಗಿತು. ಮೂರು ಎಕರೆಯೊಳಗಿನ ಬಡವರನ್ನು ಒಕ್ಕಲೆಬ್ಬಿಸುವುದಿಲ್ಲ ಎಂಬ ಭರವಸೆ ಬಂತು. ಸೆಪ್ಟೆಂಬರ್‌ನಲ್ಲಿ ಸಂಪುಟ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು. ಒಂದು ತಿಂಗಳು ಕಾಡಿನ ಪರ, ಇನ್ನೊಂದು ತಿಂಗಳು ಓಟಿನ ಪರ ಎಂದು ನನಗನ್ನಿಸಿತು. ಇಷ್ಟರ ನಡುವೆ ಕಾಡೆಲ್ಲಿ ಮುಗಿಯುತ್ತದೆ, ಹೊಲವೆಲ್ಲಿ ಶುರುವಾಗುತ್ತದೆ ಎಂದು ಅಳೆದವರಾರು? ಅರಣ್ಯ ಮತ್ತು ಕಂದಾಯ ಇಲಾಖೆಗಳ ಜಂಟಿ ಸರ್ವೆ ಬೇಕೆಂದು ಖಂಡ್ರೆಯವರೂ ಹೇಳಿದ್ದಾರೆ. ಸಸಿ ನೆಟ್ಟರೆ ಫೋಟೊ ಬರುತ್ತದೆ, ಗಡಿಕಲ್ಲು ನೆಟ್ಟರೆ ಬರುವುದಿಲ್ಲ. ಆದರೂ ಈ ಖಾತೆಯ ಕಾಯಕ ಆ ಗಡಿಕಲ್ಲೇ ಎಂದು ನನ್ನ ಅಭಿಪ್ರಾಯ.

ಮೋಳಿಗೆ ಮಾರಯ್ಯನವರು ಕಾಡಿನಿಂದ ಸೌದೆ ತಂದು ಮಾರಿ ಜಂಗಮರಿಗೆ ಉಣಿಸಿದವರು. ಕಾಡೂ ಉಳಿಯಿತು, ದಾಸೋಹವೂ ನಡೆಯಿತು. ಕಾಡಿನ ಜನ ಕಾಡಿನ ಶತ್ರು ಎನ್ನುವವರಿಗೆ ಇದನ್ನು ನೆನಪಿಸುತ್ತೇನೆ. ಹಾಗೆಂದು ನಾವೂ ಶುದ್ಧರಲ್ಲ. ಸಂತ್ರಸ್ತರ ಹೆಸರಲ್ಲಿ ಹತ್ತಿಪ್ಪತ್ತು ಎಕರೆ ಅಡಿಕೆ ಎಬ್ಬಿಸಿದವರು ಈ ಸೀಮೆಯಲ್ಲಿದ್ದಾರೆ, ಕೆಲವರು ಲಿಂಗ ಕಟ್ಟಿದವರೇ. ಅವರ ಪರ ಮಠದಿಂದ ಶಿಫಾರಸು ಹೋಗಬಾರದು.

ಕೊನೆಯದಾಗಿ ಒಂದು ಕೆಲಸದ ಮಾತು. ಹಳೆಯ ಹಂಚಿಕೆ ಪತ್ರ, ಕಂದಾಯ ರಸೀದಿ, ಪೆಟ್ಟಿಗೆಯ ತಳದಲ್ಲಿ ಏನಿದೆಯೋ ಅದನ್ನೆಲ್ಲ ತನ್ನಿ. ಪೂಜ್ಯರು ಮಠದ ಒಂದು ಕೋಣೆ ಕೊಡಲು ಒಪ್ಪಿದ್ದಾರೆ. ಪ್ರತಿ ಸೋಮವಾರ ಮಧ್ಯಾಹ್ನ ಪ್ರಸಾದವಾದ ಮೇಲೆ ನಾನು ಅಲ್ಲಿ ಕೂತು ನಿಮ್ಮ ಜಾಗದ ನಕ್ಷೆ ಬರೆದು ಅರ್ಜಿಗೆ ಲಗತ್ತಿಸಿಕೊಡುತ್ತೇನೆ. ಮೂಲ ಪತ್ರ ಯಾರ ಕೈಗೂ ಕೊಡಬೇಡಿ, ನನಗೂ ಬೇಡ, ಜೆರಾಕ್ಸ್ ಸಾಕು.