ನೆರಳು ಅನುಗ್ರಹ, ನೀರು ಅಮಾನತ್

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಸಹೋದರರೇ, ಅಲ್ಲಾಹನನ್ನು ಭಯಪಡಬೇಕೆಂದು ಮೊದಲು ನನಗೂ ಬಳಿಕ ನಿಮಗೂ ಉಪದೇಶಿಸುತ್ತೇನೆ. ಮುಂದಿನ ರವಿವಾರ ಮಗ್ರಿಬ್ ನಮಾಝಿನ ಬಳಿಕ ನಮ್ಮ ಜಮಾಅತಿನ ಸಭೆ ಇದೆ. ಮಸೀದಿಯ ಹೊಸ ಕಟ್ಟಡದ ನಕ್ಷೆ ಅಂದು ನಿಮ್ಮ ಮುಂದೆ ಬರಲಿದೆ. ಅದಕ್ಕಿಂತ ಮೊದಲು, ಕಟ್ಟುವ ವಿಷಯದಲ್ಲಿ ದೀನ್ ನಮಗೆ ಏನು ಕಲಿಸುತ್ತದೆ ಎಂಬುದನ್ನು ನೆನಪಿಸುವುದು ನನ್ನ ಹೊಣೆ.

ಸೂರಃ ಅನ್ನಹ್ಲ್‌ನಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ಎಣಿಸುತ್ತಾ ಹೋಗುತ್ತಾನೆ. ಮನೆಯನ್ನು ನಮಗೆ ನೆಮ್ಮದಿಯ ತಾಣವಾಗಿ ಮಾಡಿದ್ದನ್ನು ಹೇಳುತ್ತಾನೆ. ಅದರ ಮರು ವಚನದಲ್ಲೇ, ತಾನು ಸೃಷ್ಟಿಸಿದ ವಸ್ತುಗಳಿಂದ ನಮಗೆ ನೆರಳು ಒದಗಿಸಿದ್ದನ್ನೂ ಹೇಳುತ್ತಾನೆ. ಮನೆ ಮತ್ತು ನೆರಳು ಅಕ್ಕಪಕ್ಕದಲ್ಲಿ ಬಂದಿವೆ. ನಾವಾದರೋ ಮನೆ ಕಟ್ಟಲು ಹೊರಟರೆ ಮೊದಲು ಮಾಡುವ ಕೆಲಸ ಜಾಗದ ಮರ ಕಡಿಯುವುದು. ಸೂರಃ ಅರ್‍ರಹ್ಮಾನ್‌ನಲ್ಲಿ, ಆಕಾಶವನ್ನು ಎತ್ತರಿಸಿ ತಕ್ಕಡಿಯನ್ನು ಸ್ಥಾಪಿಸಿದವನು, ಆ ತಕ್ಕಡಿಯನ್ನು ಏರುಪೇರು ಮಾಡಬೇಡಿರೆಂದು ಎಚ್ಚರಿಸುತ್ತಾನೆ. ಅದು ಅಂಗಡಿಯ ತಕ್ಕಡಿ ಮಾತ್ರ ಎಂದು ತಿಳಿಯಬೇಡಿ. ನಾವು ಕಾಲಿಟ್ಟ ನೆಲಕ್ಕೂ ಒಂದು ತಕ್ಕಡಿ ಇದೆ.

ಮದೀನಕ್ಕೆ ತಲುಪಿದಾಗ ಪ್ರವಾದಿವರ್ಯರು(ಸ) ಕಟ್ಟಿದ ಮಸೀದಿಯನ್ನು ನೆನಪಿಸಿಕೊಳ್ಳಿ. ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಖರ್ಜೂರದ ಗರಿಯ ಮಾಡು. ಎಲ್ಲವೂ ಆ ನೆಲದ್ದೇ. ಗುಮ್ಮಟವಿರಲಿಲ್ಲ, ಮಿನಾರವಿರಲಿಲ್ಲ. ಇಟ್ಟಿಗೆ ಹೊರುವುದರಲ್ಲಿ ಸ್ವತಃ ಪ್ರವಾದಿವರ್ಯರೂ(ಸ) ಕೈಜೋಡಿಸಿದ್ದರು. ಮನೆಯಿಲ್ಲದ ಸಹಾಬಿಗಳಿಗೆ ಅಲ್ಲೇ ನೆರಳಿನ ಚಾವಣಿಯೊಂದಿತ್ತು, ಅದೇ ಸುಫ್ಫಾ. ಜಗತ್ತನ್ನು ಬದಲಿಸಿದ ಪೀಳಿಗೆ ತಯಾರಾದದ್ದು ಆ ಕಟ್ಟಡದಲ್ಲಿ.

ಹಾಗಾದರೆ ನಾವೂ ಗರಿಯ ಮಾಡು ಹಾಕಬೇಕೇ? ಇಲ್ಲ. ಒಂದು ರಮಝಾನಿನ ರಾತ್ರಿ ಮಳೆ ಬಂದು ಆ ಮಾಡು ಸೋರಿತು, ಪ್ರವಾದಿವರ್ಯರ(ಸ) ಹಣೆಯ ಮೇಲೆ ಸುಜೂದಿನ ಕೆಸರು ಅಂಟಿತ್ತು ಎಂದು ಅಬೂ ಸಈದ್ ಅಲ್‌ಖುದ್ರೀ(ರ) ವರದಿ ಮಾಡಿದ್ದಾರೆ. ಮಳೆ ಅಪರೂಪವಾದ ಊರಿನ ಮಾಡು ಅದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಇಲ್ಲಿನ ಹಿರಿಯರು ಇಲ್ಲಿಗೆ ತಕ್ಕದ್ದನ್ನು ಕಟ್ಟಿದರು. ಕೆಂಪುಕಲ್ಲಿನ ಗೋಡೆ, ಕಡಿದಾದ ಇಳಿಜಾರಿನ ಹಂಚಿನ ಮಾಡು, ಗೋಡೆ ನೆನೆಯದಂತೆ ಹೊರಗೆ ಚಾಚಿದ ಸೂರು, ಸುತ್ತ ಜಗಲಿ, ಪಕ್ಕದಲ್ಲೊಂದು ಬಾವಿ. ಬಿಸಿಗಾಳಿ ಮೇಲೇರಿ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಈಗ ನಾವೇನು ಮಾಡುತ್ತಿದ್ದೇವೆ? ಚಪ್ಪಟೆ ತಾರಸಿ ಹಾಕುತ್ತೇವೆ. ಹಗಲಿಡೀ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಆ ಬಿಸಿಯನ್ನು ನಮ್ಮ ಮೇಲೆ ಸುರಿಯುತ್ತದೆ. ಒಂದೆರಡು ಮಳೆಗಾಲ ಕಳೆದು ಸೋರತೊಡಗಿದಾಗ ಅದರ ಮೇಲೊಂದು ಶೀಟಿನ ಮಾಡು ಹಾಕುತ್ತೇವೆ. ಒಂದು ಮನೆಗೆ ಎರಡು ಮಾಡಿನ ಖರ್ಚು! ಅಪವ್ಯಯ ಬೇರೆಲ್ಲೋ ಇದೆ ಎಂದು ಹುಡುಕುವ ಅಗತ್ಯವಿಲ್ಲ.

ಸಹೋದರರೇ, ಇತರರ ತಪ್ಪು ಹೇಳುವ ಮೊದಲು ನನ್ನದನ್ನು ಹೇಳಬೇಕು. ನನ್ನ ಮನೆಯ ಅಂಗಳವನ್ನು ಒಂದೂವರೆ ಅಡಿ ಎತ್ತರಿಸಿ, ಗೋಡೆಯಿಂದ ಗೋಡೆಯವರೆಗೆ ಇಂಟರ್‌ಲಾಕ್ ಹಾಕಿಸಿದ್ದೆ. ಮಕ್ಕಳ ಕಾಲಿಗೆ ಕೆಸರಾಗದು ಎಂಬ ಸಂತೋಷ. ಆ ಜೂನ್‌ನಲ್ಲಿ ನನ್ನ ಅಂಗಳದ ನೀರೆಲ್ಲ ನೆರೆಯ ವೃದ್ಧೆಯ ಅಡುಗೆಮನೆಗೆ ನುಗ್ಗಿತು. ಆಕೆ ಜಗಳಕ್ಕೆ ಬರಲಿಲ್ಲ. "ಉಸ್ತಾದರೇ, ಈ ಸಲ ಮಳೆ ಜಾಸ್ತಿ ಅಲ್ವಾ?" ಎಂದಷ್ಟೇ ಕೇಳಿದರು. ಮಳೆ ಜಾಸ್ತಿಯಾಗಿರಲಿಲ್ಲ. ನೆರೆಯವರ ಹಕ್ಕಿನ ಬಗ್ಗೆ ಇದೇ ಮಿಂಬರಿನಲ್ಲಿ ನಿಂತು ಎಷ್ಟೋ ಸಲ ಮಾತನಾಡಿದವನು ನಾನು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವಾರ ಅರ್ಧ ಇಂಟರ್‌ಲಾಕ್ ಕೀಳಿಸಿ, ಇಂಗುಗುಂಡಿ ತೋಡಿಸಿ, ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದೆ.

ಇತರರಿಗೆ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಮಾಡಬಾರದು ಎಂಬುದು ಪ್ರವಾದಿವರ್ಯರ(ಸ) ಬೋಧನೆ. ನಮ್ಮ ಫಿಕ್‌ಹ್ ವಿದ್ವಾಂಸರು ಕಟ್ಟಡದ ನಿಯಮಗಳನ್ನು ಇದರ ಮೇಲೆಯೇ ನಿಲ್ಲಿಸಿದರು. ಹದಿನಾಲ್ಕನೇ ಶತಮಾನದಲ್ಲಿ ಟ್ಯೂನಿಸ್ ನಗರದಲ್ಲಿ ಇಬ್ನುರ್‍ರಾಮಿ ಎಂಬ ಮೇಸ್ತ್ರಿ ಇದಕ್ಕಾಗಿ ಒಂದು ಗ್ರಂಥವನ್ನೇ ಬರೆದರು. ಪಕ್ಕದ ಮನೆಗೆ ಹೊಗೆ, ದುರ್ವಾಸನೆ, ಸದ್ದು ಹೋದರೆ ಏನು ಮಾಡಬೇಕು, ಕಿಟಕಿ ಎಲ್ಲಿಡಬೇಕು ಎಂಬುದೆಲ್ಲ ಅದರ ವಿಷಯ. ಮನೆ ನನ್ನದು, ಹೇಗೆ ಬೇಕಾದರೂ ಕಟ್ಟುತ್ತೇನೆ ಎಂಬ ಮಾತಿಗೆ ಆ ನಗರದಲ್ಲಿ ಬೆಲೆಯಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕೋಟಿ ಬೆಲೆಯ ಮನೆಗಳವರು ದೋಣಿ, ಟ್ರ್ಯಾಕ್ಟರ್ ಏರಿ ಹೊರಬಂದದ್ದನ್ನು ನಾವು ಕಂಡೆವು. ಕೆರೆ ಮತ್ತು ರಾಜಕಾಲುವೆಯ ದಾರಿಯಲ್ಲಿ ಕಟ್ಟಿದರೆ ನೀರು ತನ್ನ ಹಕ್ಕನ್ನು ತಾನೇ ವಸೂಲು ಮಾಡುತ್ತದೆ.

ಈಗ ನಮ್ಮ ಮಸೀದಿಯ ವಿಷಯ. ಜಾಗ ಸಾಲದು ನಿಜ. ಜುಮಾ ದಿನ ನಮ್ಮ ಯುವಕರು ಮಳೆಯಲ್ಲಿ ನಿಂತು ನಮಾಝ್ ಮಾಡುವುದನ್ನು ನೋಡಿದಾಗ ನನಗೂ ನೋವಾಗುತ್ತದೆ. ಹಳೆಯ ಮರದ ಪಕಾಸುಗಳಿಗೆ ಗೆದ್ದಲು ಹಿಡಿದಿದೆ, ಹಂಚು ಸರಿಮಾಡುವ ಕೆಲಸಗಾರರು ಸಿಗುವುದಿಲ್ಲ ಎಂದು ಕಮಿಟಿಯವರು ಹೇಳುವುದೂ ಸರಿ. ದೊಡ್ಡದು ಬೇಕು. ಆದರೆ ನಕ್ಷೆಯಲ್ಲಿ ಬಾವಿ ಮುಚ್ಚಿ ಪಾರ್ಕಿಂಗ್ ಇದೆ, ಎರಡು ಹಲಸಿನ ಮರಗಳು ಇಲ್ಲ, ಕಿಟಕಿಗಳು ಕಡಿಮೆ, ಎ.ಸಿ. ಹೆಚ್ಚು.

ನಮ್ಮಂತೆಯೇ ಮಳೆ ಮತ್ತು ಸೆಕೆ ಇರುವ ಢಾಕಾದಲ್ಲಿ 2012ರಲ್ಲಿ ಬೈತುರ್‍ರವೂಫ್ ಮಸೀದಿ ಪೂರ್ಣಗೊಂಡಿತು. ಅದನ್ನು ವಿನ್ಯಾಸ ಮಾಡಿದವರು ಮರೀನಾ ತಬಸ್ಸುಮ್ ಎಂಬ ಸಹೋದರಿ. ಜಾಗ ದಾನ ಮಾಡಿದವರು ಅವರ ಅಜ್ಜಿ. ಕಟ್ಟಿದ್ದು ಅಲ್ಲಿನದೇ ಇಟ್ಟಿಗೆಯಿಂದ. ಗೋಡೆಯ ಜಾಲಂದ್ರಗಳಿಂದ ಗಾಳಿ ಬರುತ್ತದೆ, ಮಾಡಿನ ಸಣ್ಣ ರಂಧ್ರಗಳಿಂದ ಬೆಳಕು ಚುಕ್ಕಿಚುಕ್ಕಿಯಾಗಿ ನೆಲಕ್ಕೆ ಇಳಿಯುತ್ತದೆ. ಅದಕ್ಕೂ ಗುಮ್ಮಟವಿಲ್ಲ, ಮಿನಾರವಿಲ್ಲ. 2016ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಂದಿತು.

ಆದ್ದರಿಂದ ರವಿವಾರದ ಸಭೆಯಲ್ಲಿ ನನ್ನ ವಿನಂತಿ ಇಷ್ಟು. ಬಾವಿ ಉಳಿಯಲಿ. ಸಾವಿರ ಚದರಡಿಯ ಮಾಡಿನ ಮೇಲೆ ನಮ್ಮಲ್ಲಿ ವರ್ಷಕ್ಕೆ ಮೂರು ಲಕ್ಷ ಲೀಟರ್‌ಗಿಂತ ಹೆಚ್ಚು ನೀರು ಬೀಳುತ್ತದೆ. ಆ ನೀರನ್ನು ಚರಂಡಿಗೆ ಬಿಟ್ಟು, ಏಪ್ರಿಲ್‌ನಲ್ಲಿ ಟ್ಯಾಂಕರಿಗೆ ಫೋನ್ ಮಾಡುವುದು ಅನುಗ್ರಹಕ್ಕೆ ತೋರುವ ಕೃತಜ್ಞತೆಯಲ್ಲ. ಅದನ್ನು ಸೋಸಿ ಬಾವಿಗೆ ಬಿಡೋಣ. ವುಝೂವಿನ ನೀರು ತೆಂಗಿನ ಬುಡಕ್ಕೆ ಹೋಗಲಿ. ಎದುರುಬದುರು ಕಿಟಕಿಗಳಿರಲಿ. ಕಟ್ಟಡವನ್ನು ಸ್ವಲ್ಪ ಸರಿಸಿದರೆ ಮರಗಳು ಉಳಿಯುತ್ತವೆಯೇ ಎಂದು ಇಂಜಿನಿಯರರನ್ನು ಒಮ್ಮೆ ಕೇಳೋಣ. ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೂ ಅದು ನೆಟ್ಟವನ ಪಾಲಿಗೆ ಸದಕವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಹಲಸು ನೆಟ್ಟವರು ಇಂದು ಖಬರಸ್ಥಾನದಲ್ಲಿದ್ದಾರೆ. ಅವರಿಗೆ ಹೋಗುತ್ತಿರುವ ಸದಕವನ್ನು ನಾವು ನಿಲ್ಲಿಸಬೇಕೇ ಎಂದು ಯೋಚಿಸಿ.

ಅಲ್ಲಾಹನೇ, ನಮ್ಮ ಮನೆಗಳನ್ನು ನೆಮ್ಮದಿಯ ತಾಣವಾಗಿಸು. ನಮ್ಮ ಕಟ್ಟಡಗಳಿಂದ ನೆರೆಯವರಿಗೂ ಮುಂದಿನ ಪೀಳಿಗೆಗೂ ಹಾನಿಯಾಗದಂತೆ ಕಾಪಾಡು. ಸಭೆಯಲ್ಲಿ ನಮ್ಮ ಮನಸ್ಸುಗಳನ್ನು ಒಂದಾಗಿಸು. ಆಮೀನ್.